ಪ್ರಚಾರ ಕಾರ್ಯದರ್ಶಿಯ ಪಾಡು

ಹವ್ಯಾಸಿಯಾದವನ ಎದೆಯಲ್ಲಿ ಎರಡು ಆಸೆಗಳು ಸದಾ ಜಗಳವಾಡುತ್ತಿರುತ್ತವೆ. ತನ್ನ ಸಂಗ್ರಹವನ್ನು ಯಾರೂ ಮುಟ್ಟಬಾರದು ಎಂಬುದು ಮೊದಲನೆಯದು. ಎಲ್ಲರೂ ಅದನ್ನು ನೋಡಬೇಕು ಎಂಬುದು ಎರಡನೆಯದು. ಮೊದಲನೆಯದು ಈಡೇರುವುದಕ್ಕೆ ಒಂದು ಬೀರು, ಒಂದು ಬೀಗ, ಬೀಗದ ಕೈಯನ್ನು ಮಕ್ಕಳಿಗೆ ಕಾಣದಂತೆ ಇಡುವ ಜಾಣತನ ಇಷ್ಟಿದ್ದರೆ ಸಾಕು. ಎರಡನೆಯದು ಹಾಗಲ್ಲ. ನೋಡುವ ಕಣ್ಣುಗಳು ಬೀರುವಿನಲ್ಲಿ ದೊರೆಯವು. ಅವನ್ನು ಊರಿನಿಂದ ಕರೆತರಬೇಕು. ಹೀಗೆ ಕರೆತರುವ ಕೆಲಸಕ್ಕೆ ಸಭ್ಯ ಭಾಷೆಯಲ್ಲಿ ಪ್ರಚಾರವೆಂದು ಹೆಸರು. ಅದನ್ನು ಹೊತ್ತ ಬಡಪಾಯಿಗೆ ಪ್ರಚಾರ ಕಾರ್ಯದರ್ಶಿಯೆಂದು ಹೆಸರು. 2024ರಲ್ಲಿ ಆ ಬಿರುದು ನನ್ನ ಕೊರಳಿಗೆ ಬಿದ್ದಿತು.

ಮದುವೆಗೆ ಕರೆದರೆ ಜನ ಬರುತ್ತಾರೆ, ಅಲ್ಲಿ ಊಟವುಂಟು. ಸಂಗೀತ ಕಚೇರಿಗೆ ಕರೆದರೂ ಬರುತ್ತಾರೆ. ಅಲ್ಲಿ ಕಣ್ಣು ಮುಚ್ಚಿ ನಿದ್ರಿಸಿದವನೂ ರಸಿಕನೆನಿಸಿಕೊಳ್ಳಬಹುದು. ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕಂತೂ ಯಾರನ್ನೂ ಕರೆಯಬೇಕಾದುದೇ ಇಲ್ಲ. ಜನವರಿ ಬಂದಿತು, ಆಗಸ್ಟ್ ಬಂದಿತು ಎಂದರೆ ಗಾಜಿನ ಮನೆಯ ಹೂವುಗಳೇ ಕೈಬೀಸಿ ಕರೆಯುತ್ತವೆ. ಆದರೆ, “ನಮ್ಮ ಊರಿನಲ್ಲಿ ಅಂಚೆಚೀಟಿಗಳ ಪ್ರದರ್ಶನವಿದೆ, ತಾವು ದಯಮಾಡಿಸಬೇಕು” ಎಂದು ಒಬ್ಬ ಸದ್ಗೃಹಸ್ಥರಿಗೆ ಹೇಳಿ ನೋಡಿ. ಅವರ ಮುಖದಲ್ಲಿ ಒಂದು ವಿಚಿತ್ರವಾದ ಸೌಜನ್ಯ ಮೂಡುತ್ತದೆ. “ಭಾನುವಾರವೆ? ಖಂಡಿತ ಪ್ರಯತ್ನಿಸುತ್ತೇನೆ” ಎನ್ನುತ್ತಾರೆ. ನಮ್ಮ ನುಡಿಯಲ್ಲಿ “ಪ್ರಯತ್ನಿಸುತ್ತೇನೆ” ಎಂಬುದು ನಿಷೇಧಾರ್ಥದ ಕ್ರಿಯಾಪದವೆಂದು ತರಗತಿಯಲ್ಲಿ ನಾನು ಪಾಠ ಹೇಳುವುದಿಲ್ಲ. ವ್ಯಾಕರಣ ಗ್ರಂಥಗಳಿಗೆ ಅದು ಇನ್ನೂ ಸೇರಿಲ್ಲ. ಆದರೆ ಅದರ ಅರ್ಥ ಅದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇದರಲ್ಲಿ ಜನರ ತಪ್ಪೇನೂ ಇಲ್ಲ. ಹೂವನ್ನು ಬಸ್ಸಿನಲ್ಲಿ ಕುಳಿತು ನೋಡಬಹುದು. ಕಾರಂಜಿಯನ್ನು ರಸ್ತೆಯ ಆಚೆಯಿಂದ ನೋಡಬಹುದು. ಅಂಚೆಚೀಟಿಯಾದರೋ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅದರ ಮುಂದೆ ನಿಂತು, ಬಾಗಿ, ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದಾಗ ಮಾತ್ರ ಅದು ಬಾಯಿ ಬಿಡುತ್ತದೆ. ದೂರದಿಂದ ನೋಡಿದವನಿಗೆ ಅದು ಬಣ್ಣದ ಚುಕ್ಕೆ. ಹತ್ತಿರ ಬಂದವನಿಗೆ ಮಾತ್ರ ಕಾಣುವ ವಸ್ತುವನ್ನು ತೋರಿಸಿ, ಹತ್ತಿರ ಬಾರದವನನ್ನು ಕರೆಯುವುದು ಹೇಗೆ? ಅಂಚೆಚೀಟಿಗಳೊಂದೇ ಅಲ್ಲ; ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚೀಟಿ, ಚಿಪ್ಪು, ಚದುರಂಗ, ಕುಬ್ಜವೃಕ್ಷ ಎಂದು ಬಗೆಬಗೆಯ ಹವ್ಯಾಸಗಳ ಸಮ್ಮೇಳನವನ್ನು ನಡೆಸುವವರೆಲ್ಲರ ಎದುರಿಗೂ ನಿಂತಿರುವ ಪ್ರಶ್ನೆ ಇದು.

ನಮ್ಮದು ಒಂದು ಜಿಲ್ಲಾ ಕೇಂದ್ರದ ಪುಟ್ಟ ಕೂಟ. ನಿವೃತ್ತರಾದ ಇಬ್ಬರು ಶಿರಸ್ತೇದಾರರು, ಒಬ್ಬ ದಂತವೈದ್ಯರು, ಬ್ಯಾಂಕಿನ ಕೆಲವು ಮಂದಿ, ಜವಳಿ ವ್ಯಾಪಾರಿಯೊಬ್ಬರು, ಇನ್ನೂ ಹೀಗೆ ಹತ್ತಿಪ್ಪತ್ತು ಜನ. ಮೂವತ್ತರ ಆಸುಪಾಸಿನವನು ನಾನೊಬ್ಬನೆ; ಆದುದರಿಂದ ಕೂಟದ ಯುವಶಕ್ತಿಯೆಲ್ಲವೂ ನಾನೇ. ನನ್ನ ಸಂಗ್ರಹ ಬಹಳ ದೊಡ್ಡದಲ್ಲ. ಕನ್ನಡ ನಾಡಿನವರು ಕಾಣಿಸಿಕೊಂಡಿರುವ ಭಾರತದ ಚೀಟಿಗಳು ನನ್ನ ವಿಷಯ. 1960ರಲ್ಲಿ ವಿಶ್ವೇಶ್ವರಯ್ಯನವರು, 1964ರಲ್ಲಿ ಪುರಂದರದಾಸರು, 1967ರಲ್ಲಿ ಬಸವಣ್ಣನವರು, 1977ರಲ್ಲಿ ಕಿತ್ತೂರಿನ ಚೆನ್ನಮ್ಮ, 1988ರಲ್ಲಿ ಡಿ.ವಿ.ಜಿ. ಹೀಗೆ ಒಬ್ಬೊಬ್ಬರಾಗಿ ನನ್ನ ಆಲ್ಬಮ್ಮಿಗೆ ದಯಮಾಡಿಸಿದ್ದಾರೆ. ಕನ್ನಡ ಎಂ.ಎ. ಮಾಡಿದವನಿಗೆ ಮಾತು ಬರುತ್ತದೆ, ಮಾತು ಬಂದವನಿಗೆ ಪ್ರಚಾರ ಬರುತ್ತದೆ ಎಂಬ ತರ್ಕದಿಂದ ಹಿರಿಯರು ನನ್ನನ್ನು ಆರಿಸಿದರು.

ಈ ಆಯ್ಕೆಗೆ ಹಿಂದಿನ ವರ್ಷದ ಅನುಭವವೂ ಕಾರಣವಾಗಿತ್ತು. 2023ರಲ್ಲಿ ಕೂಟವು ಎರಡು ದಿನಗಳ ಪ್ರದರ್ಶನವನ್ನು ಏರ್ಪಡಿಸಿದ್ದಿತು. ಕಲ್ಯಾಣಮಂಟಪವೊಂದರ ಊಟದ ಮನೆಯಲ್ಲಿ ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಂದೊಂದು ಚೌಕಟ್ಟಿಗೆ ಹದಿನಾರು ಹಾಳೆಗಳು. ಬಂದವರು ಯಾರು? ಸದಸ್ಯರು ಬಂದರು, ಅವರ ಪತ್ನಿಯರು ಬಂದರು, ಎರಡು ಶಾಲಾ ಬಸ್ಸುಗಳಲ್ಲಿ ಮಕ್ಕಳನ್ನು ತಂದು ಇಳಿಸಿದರು. ಮಕ್ಕಳು ಸಾಲುಗಟ್ಟಿ ಒಂದು ಬಾಗಿಲಿನಿಂದ ಒಳಹೊಕ್ಕು, ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ಬಾಗಿಲಿನಿಂದ ಹೊರಬಿದ್ದು ಐಸ್‌ಕ್ರೀಮಿನ ಗಾಡಿಯನ್ನು ಮುತ್ತಿಗೆ ಹಾಕಿದರು. ಸಂದರ್ಶಕರ ಪುಸ್ತಕದಲ್ಲಿ ಮೂರನೆಯ ಹಾಳೆ ತುಂಬಲಿಲ್ಲ.

ಆ ಎರಡು ದಿನಗಳ ಒಂದು ಚಿತ್ರ ನನ್ನ ಕಣ್ಣಿನಿಂದ ಮರೆಯಾಗಿಲ್ಲ. ನಮ್ಮ ಕೂಟದ ಅತ್ಯಂತ ಹಿರಿಯ ಸದಸ್ಯರೊಬ್ಬರಿದ್ದಾರೆ, ಎಂಬತ್ತು ದಾಟಿದವರು. ಸೇನಾ ಅಂಚೆಯ ಲಕೋಟೆಗಳು ಅವರ ವಿಷಯ. ನಲವತ್ತು ವರ್ಷಗಳ ಸಂಗ್ರಹವನ್ನು ಹದಿನಾರು ಹಾಳೆಗಳಿಗೆ ಇಳಿಸಿ, ಕೈಬರಹದಲ್ಲಿ ವಿವರಣೆ ಬರೆದು, ಕರಿಯ ಕೋಟು ತೊಟ್ಟು ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ತಮ್ಮ ಚೌಕಟ್ಟಿನ ಪಕ್ಕದಲ್ಲಿ ನಿಂತಿದ್ದರು. ಕುರ್ಚಿ ಕೊಟ್ಟರೆ ಒಲ್ಲೆನೆಂದರು. ಕುಳಿತಿದ್ದರೆ ಕೇಳುವವರಿಗೆ ಸಂಕೋಚವಾದೀತಂತೆ. ಎರಡು ದಿನವೂ ಯಾರೂ ಏನನ್ನೂ ಕೇಳಲಿಲ್ಲ. ಎರಡನೆಯ ಸಂಜೆ ಹಾಳೆಗಳನ್ನು ಒಂದೊಂದಾಗಿ ಬಿಚ್ಚುತ್ತಾ, “ಮಗ ಪರದೇಶದಲ್ಲಿದ್ದಾನೆ, ಇದನ್ನೆಲ್ಲ ಏನು ಮಾಡಲಿ ಎಂದು ಫೋನಿನಲ್ಲಿ ಕೇಳಿದ. ನನಗೂ ಗೊತ್ತಿಲ್ಲ” ಎಂದರು. ಅವರ ಮಾತಿನಲ್ಲಿ ದೂರಿನ ಸುಳಿವಿರಲಿಲ್ಲ; ಲೆಕ್ಕ ಒಪ್ಪಿಸುವವರ ದನಿಯಿತ್ತು.

ಸಂಗ್ರಹವೆಂಬುದು ಕಾಗದದ ರಾಶಿಯಲ್ಲ. ಅದನ್ನು ಕುರಿತು ಒಬ್ಬನಿಗೆ ತಿಳಿದಿರುವ ಮಾತುಗಳ ರಾಶಿ. ಕಾಗದವನ್ನು ಮಗ ಮಾರಬಹುದು, ಇಲ್ಲವೆ ಸೂಟ್‌ಕೇಸಿನಲ್ಲಿಟ್ಟುಕೊಂಡು ಹೋಗಬಹುದು. ಮಾತು ಮಾತ್ರ ಇನ್ನೊಬ್ಬರ ಕಿವಿಗೆ ಬೀಳದಿದ್ದರೆ ಅಲ್ಲಿಗೇ ಮುಗಿಯಿತು. ಪ್ರದರ್ಶನಕ್ಕೆ ಜನ ಬರಬೇಕೆಂಬುದು ನನಗೆ ಅಲ್ಲಿಯವರೆಗೆ ಕೂಟದ ಮರ್ಯಾದೆಯ ಪ್ರಶ್ನೆಯಾಗಿ ತೋರಿದ್ದಿತು. ಆ ಸಂಜೆಯ ಮೇಲೆ ಅದು ಬೇರೊಂದು ಪ್ರಶ್ನೆಯಾಯಿತು.

2024ರ ಅಕ್ಟೋಬರ್ ತಿಂಗಳಿನ ಪ್ರದರ್ಶನಕ್ಕೆ ಒಳ್ಳೆಯ ನೆಪವೂ ದೊರೆಯಿತು. ದೇಶದೇಶಗಳ ಅಂಚೆಯನ್ನು ಒಂದುಗೂಡಿಸಿದ ವಿಶ್ವ ಅಂಚೆ ಒಕ್ಕೂಟವು ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಹುಟ್ಟಿದುದು 1874ರ ಅಕ್ಟೋಬರ್ 9ರಂದು. ಸರಿಯಾಗಿ ನೂರೈವತ್ತು ವರ್ಷ. ಸಮಿತಿ ಸಭೆ ಸೇರಿತು. ಪ್ರಚಾರದ ಸಲಹೆಗಳ ಮಳೆ ಸುರಿಯಿತು. ನಾಲ್ಕು ವೃತ್ತಗಳಲ್ಲಿ ನಾಲ್ಕು ಬ್ಯಾನರು ಕಟ್ಟಬೇಕೆಂದು ಒಬ್ಬರು; ಆಟೋರಿಕ್ಷಾಕ್ಕೆ ಧ್ವನಿವರ್ಧಕ ಕಟ್ಟಿ ಊರೆಲ್ಲ ಕೂಗಿಸಬೇಕೆಂದು ಇನ್ನೊಬ್ಬರು; ಚಲನಚಿತ್ರ ನಟಿಯೊಬ್ಬರನ್ನು ಕರೆಸಿದರೆ ಊರೇ ಬರುವುದೆಂದು ದಂತವೈದ್ಯರು. ಮಂತ್ರಿಗಳಿಂದ ಉದ್ಘಾಟನೆ ಮಾಡಿಸಬೇಕೆಂಬುದು ಅಧ್ಯಕ್ಷರ ಮತ. ಮಂತ್ರಿಗಳು ಬಂದರೆ ಜನ ಬರುತ್ತಾರೆಂಬುದು ನಿಜ. ಮಂತ್ರಿಗಳು ಹೊರಟರೆ ಆ ಜನ ಅವರೊಡನೆ ಹೊರಟುಹೋಗುತ್ತಾರೆಂಬುದೂ ಅಷ್ಟೇ ನಿಜ. ನಟಿ ಬಂದರೆ ಜನ ನಟಿಯನ್ನು ನೋಡುತ್ತಾರೆ. ಅಂಚೆಚೀಟಿಯ ಅಂದ ಆ ಸ್ಪರ್ಧೆಯಲ್ಲಿ ಗೆಲ್ಲುವಂತಹುದಲ್ಲ. ಈ ಮಾತನ್ನು ದಂತವೈದ್ಯರು ಅಷ್ಟು ಸುಲಭವಾಗಿ ಒಪ್ಪಲಿಲ್ಲ.

ಪತ್ರಿಕೆಗಳಿಗೆ ಪ್ರಕಟಣೆ ಕಳುಹಿಸುವುದು ಪ್ರಚಾರ ಕಾರ್ಯದರ್ಶಿಯ ನಿತ್ಯಕರ್ಮ. ನಾನು ಒಂದೂವರೆ ಪುಟದಷ್ಟು ಬರೆದು ಕಳುಹಿಸಿದೆ. ಅದು “ಇಂದಿನ ಕಾರ್ಯಕ್ರಮ” ಎಂಬ ಅಂಕಣದಲ್ಲಿ, ಭಜನಾ ಮಂಡಲಿಗೂ ನೀರಿನ ಸರಬರಾಜು ಸ್ಥಗಿತದ ಸೂಚನೆಗೂ ನಡುವೆ, ಎರಡು ಸಾಲಾಗಿ ಪ್ರಕಟವಾಯಿತು. ವಾಟ್ಸಾಪಿನಲ್ಲಿ ಹರಡಿದ ಆಹ್ವಾನ ಪತ್ರಿಕೆಗೆ ಬೇಕಾದಷ್ಟು ಮಂದಿ ಕೈಮುಗಿದ ಚಿತ್ರ, ಹೂಗುಚ್ಛದ ಚಿತ್ರ, ಹೆಬ್ಬೆರಳನ್ನು ಎತ್ತಿದ ಚಿತ್ರಗಳನ್ನು ಕಳುಹಿಸಿದರು. ಹೆಬ್ಬೆರಳುಗಳೆಲ್ಲ ನಡೆದು ಬರುವಂತಿದ್ದರೆ ನಮ್ಮ ಮಂಟಪ ಸಾಲುತ್ತಿರಲಿಲ್ಲ.

ಇಂತಹ ಹೊತ್ತಿನಲ್ಲಿ ನಮ್ಮ ಹಿರಿಯರು ಹೇಗೆ ಜನರನ್ನು ಸೆಳೆದರು ಎಂದು ಹುಡುಕಿದರೆ, ಅಂಚೆಯ ಚರಿತ್ರೆಯಲ್ಲಿಯೇ ಒಂದು ಸೊಗಸಾದ ಪ್ರಸಂಗ ದೊರೆಯುತ್ತದೆ. 1911ರಲ್ಲಿ ಅಲಹಾಬಾದಿನಲ್ಲಿ ಸಂಯುಕ್ತ ಪ್ರಾಂತದ ದೊಡ್ಡ ಪ್ರದರ್ಶನವೊಂದು ನಡೆಯಿತು. ವಾಲ್ಟರ್ ವಿಂಡಮ್ ಎಂಬ ಇಂಗ್ಲಿಷ್ ಸಾಹಸಿಯು ಅಲ್ಲಿಗೆ ವಿಮಾನಗಳನ್ನು ತಂದಿದ್ದನು. ವಿಮಾನವೆಂಬುದೇ ಆಗ ಹೊಸ ಮಾತು. ಹಾರುವುದನ್ನು ನೋಡಬನ್ನಿ ಎಂದು ಡಂಗುರ ಹೊಡೆಸಿದ್ದರೂ ಸಾಕಾಗುತ್ತಿತ್ತು. ಆದರೆ ಅಲ್ಲಿ ನಡೆದುದು ಅದಕ್ಕಿಂತ ಜಾಣತನದ ಕೆಲಸ. ಊರಿನ ಒಂದು ವಿದ್ಯಾರ್ಥಿ ನಿಲಯಕ್ಕೆ ಹಣ ಬೇಕಾಗಿದ್ದಿತು. ಅಂಚೆಯ ಅಧಿಕಾರಿಗಳ ಒಪ್ಪಿಗೆ ಪಡೆದು, ನಿಮ್ಮ ಕಾಗದವನ್ನು ನಮಗೆ ಕೊಡಿ, ಪತ್ರವೊಂದಕ್ಕೆ ಆರಾಣೆ ಹೆಚ್ಚಿಗೆ ಕೊಡಿ, ಅದು ಆಕಾಶದಲ್ಲಿ ಹಾರಿ ಹೋಗುತ್ತದೆ ಎಂದು ಸಾರಿದರು. ಫೆಬ್ರವರಿ 18ರಂದು ಇಪ್ಪತ್ತಮೂರು ವರ್ಷದ ಹೆನ್ರಿ ಪೆಕೆ ಎಂಬ ಫ್ರೆಂಚ್ ತರುಣನು ಸುಮಾರು 6500 ಪತ್ರಗಳನ್ನು ಹೊತ್ತು, ಯಮುನೆಯನ್ನು ದಾಟಿ, ಆರು ಮೈಲಿಗಳಾಚೆಯ ನೈನಿಯಲ್ಲಿ ಇಳಿದನು. ಹಾರಿದುದು ಹದಿಮೂರು ನಿಮಿಷ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದೇ ಎಂದು ಇಂದಿಗೂ ಹೇಳುತ್ತಾರೆ.

ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕೇವಲ ವಿಮಾನವನ್ನು ನೋಡಬಂದವನು ಪ್ರೇಕ್ಷಕ. ಮನೆಗೆ ಹೋದ ಮೇಲೆ ಮರೆತುಬಿಡುತ್ತಾನೆ. ತನ್ನ ಪತ್ರವನ್ನು ಆ ವಿಮಾನದಲ್ಲಿ ಕಳುಹಿಸಿದವನು ಅದರ ಪಾಲುದಾರ. ಹದಿಮೂರು ನಿಮಿಷವೂ ಅವನ ಎದೆ ಯಮುನೆಯ ಮೇಲೆ ಹಾರಿರಬೇಕು. ಅದೇ ಹಾರಾಟದ ಶತಮಾನೋತ್ಸವಕ್ಕೆಂದು 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಇಂಡಿಪೆಕ್ಸ್ ಎಂಬ ವಿಶ್ವಮಟ್ಟದ ಪ್ರದರ್ಶನ ನಡೆಯಿತು. ಖಾದಿಯ ಮೇಲೆ ಮುದ್ರಿಸಿದ ಗಾಂಧೀಜಿಯ ನೂರು ರೂಪಾಯಿಯ ಚೀಟಿ ಅಲ್ಲಿಯೇ ಬಿಡುಗಡೆಯಾಯಿತು. ನಮ್ಮ ಭಾವಚಿತ್ರವನ್ನೇ ಅಂಚೆಚೀಟಿಯ ಜೊತೆಗೆ ಅಚ್ಚುಹಾಕಿಸಿಕೊಳ್ಳುವ “ಮೈ ಸ್ಟಾಂಪ್” ಯೋಜನೆಯೂ ಅಲ್ಲಿಯೇ ಮೊದಲಾಯಿತು. ಅದರ ಮೇಲೆ ನಾನು ಹೋದ ಪ್ರದರ್ಶನಗಳಲ್ಲೆಲ್ಲ ಅತ್ಯಂತ ಉದ್ದವಾದ ಸಾಲು ಆ ಮಳಿಗೆಯ ಮುಂದೆಯೇ ಇರುವುದನ್ನು ಕಂಡಿದ್ದೇನೆ. ಗಂಭೀರ ಸಂಗ್ರಾಹಕರು ಇದನ್ನು ನೋಡಿ ಮೂಗು ಮುರಿಯುವುದುಂಟು. ಮೂಗು ಮುರಿಯುವುದಕ್ಕೇನಿದೆ? ಮನುಷ್ಯನು ಯಾವ ವಸ್ತುವಿನಲ್ಲಾದರೂ ಮೊದಲು ಹುಡುಕುವುದು ತನ್ನನ್ನೇ. ತನ್ನನ್ನು ಕಂಡ ಮೇಲೆ ಪಕ್ಕದಲ್ಲಿರುವುದನ್ನೂ ನೋಡುತ್ತಾನೆ.

ನಾನು ಕನ್ನಡದ ಮೇಷ್ಟರಾದುದರಿಂದ ಇಲ್ಲಿ ಒಂದು ಪದದ ಮಾತನ್ನು ಹೇಳದೆ ಗತ್ಯಂತರವಿಲ್ಲ. “ಅಂಚೆ” ಎಂದರೆ ನಮ್ಮಲ್ಲಿ ಟಪಾಲು. ಹಳಗನ್ನಡದಲ್ಲಿ “ಅಂಚೆ” ಎಂದರೆ ಹಂಸ. ಎರಡು ಪದಗಳಿಗೂ ನಂಟು ಇದೆಯೋ ಇಲ್ಲವೋ ನಿಘಂಟುಕಾರರು ನೋಡಿಕೊಳ್ಳಲಿ. ನನಗೆ ಮಾತ್ರ ನಳನ ಕಥೆಯ ಹಂಸ ನೆನಪಾಯಿತು. ಅದರಂತಹ ಪ್ರಚಾರ ಕಾರ್ಯದರ್ಶಿ ಹಿಂದೆ ಇರಲಿಲ್ಲ, ಮುಂದೆ ಹುಟ್ಟುವಂತಿಲ್ಲ. ನಳನ ಗುಣಗಳನ್ನು ಅದು ವಿದರ್ಭದ ಬೀದಿಬೀದಿಗಳಲ್ಲಿ ಕೂಗಲಿಲ್ಲ. ಮಹಾಭಾರತದಲ್ಲಿ ಕಥೆ ಹೀಗಿದೆ: ಹಂಸಗಳು ಉದ್ಯಾನಕ್ಕೆ ಇಳಿದು ದಿಕ್ಕು ದಿಕ್ಕಿಗೆ ಚೆದುರಿದವು, ಒಬ್ಬೊಬ್ಬ ಸಖಿಯೂ ಒಂದೊಂದರ ಹಿಂದೆ ಓಡಿದಳು, ದಮಯಂತಿಯು ತಾನು ಹಿಡಿಯಹೋದ ಹಂಸದೊಡನೆ ಒಂಟಿಯಾದಳು. ಆಗ ಅದು ಮಾತನಾಡಿತು. ಒಬ್ಬಳಿಗೆ, ಅವಳಿಗೇ ಬೇಕಾದ ಮಾತನ್ನು, ಅವಳು ಕೇಳುವ ಹೊತ್ತಿನಲ್ಲಿ ಹೇಳಿತು. ಪ್ರಚಾರಶಾಸ್ತ್ರದ ಸಾರವೆಲ್ಲ ಇದರಲ್ಲಿ ಅಡಗಿದೆಯೆಂದು ನನಗೆ ತೋರಿತು.

ಈ ವ್ಯಾಖ್ಯಾನವನ್ನು ಮನೆಯಲ್ಲಿ ಊಟದ ಹೊತ್ತಿಗೆ ನಿರೂಪಿಸಿದೆ. ನನ್ನಾಕೆ ಹುಳಿಯನ್ನು ಬಡಿಸುತ್ತಾ, “ಇದಕ್ಕೆ ಹಂಸ ಏತಕ್ಕೆ? ಮದುವೆಗೆ ಮನೆಮನೆಗೆ ಹೋಗಿ ಕುಂಕುಮವಿಟ್ಟು ಕರೆಯುವುದಿಲ್ಲವೆ? ಬಾಗಿಲಲ್ಲಿ ಎಸೆದುಹೋದ ಪತ್ರಿಕೆಗೆ ಯಾರು ಬರುತ್ತಾರೆ?” ಎಂದಳು. ಮಹಾಭಾರತದಿಂದ ನಾನು ತಂದ ಅರ್ಥವನ್ನು ಆಕೆ ಅಡುಗೆಮನೆಯಿಂದಲೇ ತಂದಿದ್ದಳು.

ಹೀಗೆ ನಮ್ಮ ಯೋಜನೆ ರೂಪುಗೊಂಡಿತು. ಬ್ಯಾನರಿನ ಹಣದಲ್ಲಿ ಕಾರ್ಡುಗಳನ್ನು ಕೊಂಡೆವು. ಸಾಧಾರಣ ಕಾರ್ಡಿಗೆ ಐವತ್ತು ಪೈಸೆ. ಅದರ ಮೇಲೆ ಅಚ್ಚು ಹಾಕಿಸಿದರೆ ಆರು ರೂಪಾಯಿಯ ದರ. ಕೈಯಲ್ಲಿ ಬರೆಯುವವನಿಗೆ ಸರಕಾರವೇ ಇಷ್ಟು ರಿಯಾಯಿತಿ ಕೊಟ್ಟಿರುವಾಗ ಅಚ್ಚುಕೂಟದ ಹಂಗೇಕೆ? ನನ್ನ ತರಗತಿಯ ಹುಡುಗ ಹುಡುಗಿಯರು ಬರೆಯುವುದಕ್ಕೆ ಮುಂದೆ ಬಂದರು. ಅವರಲ್ಲಿ ಬಹುಮಂದಿ ಜೀವಮಾನದಲ್ಲಿ ಕಾರ್ಡು ಬರೆದವರಲ್ಲ. ವಿಳಾಸ ಯಾವ ಕಡೆ ಬರೆಯಬೇಕೆಂದು ಒಬ್ಬ ಕೇಳಿದ. ಮಡಿಸಿ ಅಂಟಿಸಬೇಕೆ ಎಂದು ಇನ್ನೊಬ್ಬಳು ಕೇಳಿದಳು. ಹಿರಿಯ ಶಿರಸ್ತೇದಾರರು ಒಂದು ಮಧ್ಯಾಹ್ನ ಬಂದು ಕಾರ್ಡು ಬರೆಯುವ ಕ್ರಮವನ್ನು ಉಪನ್ಯಾಸ ಮಾಡಿದರು. ನನ್ನ ಯಾವ ಪಾಠಕ್ಕೂ ಆ ತರಗತಿ ಅಷ್ಟು ಮೌನವಾಗಿ ಕುಳಿತುದನ್ನು ನಾನು ಕಂಡಿರಲಿಲ್ಲ.

ಕಾರ್ಡುಗಳಲ್ಲಿ “ಸರ್ವರಿಗೂ ಆದರದ ಸ್ವಾಗತ” ಎಂಬ ಮಾತು ಇರಲಿಲ್ಲ. ಒಂದೊಂದು ಕಾರ್ಡು ಒಬ್ಬೊಬ್ಬರಿಗೆ. ನೀರಾವರಿ ಕಚೇರಿಯ ಇಂಜಿನಿಯರಿಗೆ, “ವಿಶ್ವೇಶ್ವರಯ್ಯನವರು ಬದುಕಿದ್ದಾಗಲೇ ಅವರ ಅಂಚೆಚೀಟಿ ಹೊರಬಂದಿತು, ಆ ಗೌರವ ನಮ್ಮ ದೇಶದಲ್ಲಿ ಅವರಿಗಿಂತ ಮೊದಲು ದೊರೆತುದು ಮಹರ್ಷಿ ಕರ್ವೆಯವರಿಗೆ. ಬಂದು ನೋಡಿರಿ” ಎಂದು ಬರೆದರು. ಚರಿತ್ರೆಯ ಉಪಾಧ್ಯಾಯರಿಗೆ, “1948ರ ಆಗಸ್ಟ್ 15ರಂದು ಹೊರಬಂದ ಗಾಂಧೀಜಿಯ ನಾಲ್ಕು ಚೀಟಿಗಳಲ್ಲಿ ಬಾಪೂ ಎಂಬ ಹೆಸರು ಯಾವ ಎರಡು ಲಿಪಿಗಳಲ್ಲಿದೆ ಬಲ್ಲಿರಾ? ಸ್ವದೇಶಿಯನ್ನು ಸಾರಿದ ಮಹಾತ್ಮನ ಚೀಟಿ ಯಾವ ದೇಶದಲ್ಲಿ ಅಚ್ಚಾಯಿತು ಬಲ್ಲಿರಾ?” ಎಂಬ ಪ್ರಶ್ನೆ ಹೋಯಿತು. ಉತ್ತರ ಚೌಕಟ್ಟಿನಲ್ಲಿತ್ತು: ನಾಗರಿ ಮತ್ತು ಉರ್ದು, ಸ್ವಿಟ್ಜರ್‌ಲೆಂಡ್. ಊದುಬತ್ತಿಯ ವ್ಯಾಪಾರಿಗೆ 2006ರ ಶ್ರೀಗಂಧದ ಪರಿಮಳದ ಚೀಟಿಯ ವಿಷಯ. ಸಂಗೀತದ ಮೇಷ್ಟರಿಗೆ ಪುರಂದರದಾಸರ ವಿಷಯ. ಪೇಟೆಯ ಹೋಟೆಲಿನ ಮಾಲೀಕರಿಗೆ 2017ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಕಾಫಿಯ ಪರಿಮಳದ ಚೀಟಿಯ ವಿಷಯ ಬರೆದೆವು. ಅವರು ಬಂದು, ಅದನ್ನು ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ಯೋಚಿಸಿ, “ಚಿಕೋರಿ ಹೆಚ್ಚು” ಎಂದು ತೀರ್ಪು ಕೊಟ್ಟರು.

ಎಲ್ಲ ಕಾರ್ಡುಗಳ ಕೊನೆಯಲ್ಲಿಯೂ ಒಂದು ಸಾಲು ಸಮಾನವಾಗಿತ್ತು: “ನಿಮ್ಮ ಮನೆಯಲ್ಲಿ ಹಳೆಯ ಕಾಗದವೊಂದು ಇದ್ದರೆ ತನ್ನಿರಿ; ಅದರ ಮೇಲಿನ ಚೀಟಿ, ಮುದ್ರೆಗಳ ಕಥೆಯನ್ನು ನಮ್ಮವರು ಹೇಳುತ್ತಾರೆ.” ಇದು ಅಲಹಾಬಾದಿನಿಂದ ನಾವು ತಂದ ಸಾಲ. ಉದ್ಘಾಟನೆಗೆ ಮಂತ್ರಿಗಳ ಬದಲು, ನಮ್ಮ ಬಡಾವಣೆಗೆ ಮೂವತ್ತು ವರ್ಷ ಕಾಗದ ಹಂಚಿ ನಿವೃತ್ತರಾದ ಅಂಚೆಯ ಪೇದೆಯವರನ್ನು ಕರೆದೆವು. ಅಧ್ಯಕ್ಷರು ಒಲ್ಲದ ಮನಸ್ಸಿನಿಂದ ಒಪ್ಪಿದರು. ಆದರೆ ಅವರು ಹಂಚಿದ ಕಾಗದಗಳ ಮನೆಗಳು ಎಷ್ಟು! ದೀಪ ಹಚ್ಚುವ ಹೊತ್ತಿಗೆ ಆ ಮನೆಗಳ ಅಜ್ಜಿಯರು, ಅಜ್ಜಂದಿರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. “ನನ್ನ ಕೆಲಸದ ಆಜ್ಞೆಯನ್ನು ತಂದುಕೊಟ್ಟವರು ಇವರೇ” ಎಂದು ಒಬ್ಬರು ತಮ್ಮ ಮೊಮ್ಮಗಳಿಗೆ ತೋರಿಸುತ್ತಿದ್ದರು.

ಜನರು ಕಾಗದಗಳನ್ನು ತಂದರು. ಬಿಸ್ಕತ್ತಿನ ಡಬ್ಬಿಗಳಲ್ಲಿ ತಂದರು. ಸೀರೆಯ ಪೆಟ್ಟಿಗೆಗಳಲ್ಲಿ ತಂದರು. ತಂತಿಗೆ ಪೋಣಿಸಿದ್ದ ಕಾರ್ಡುಗಳನ್ನು ತಂತಿಯೊಡನೆಯೇ ತಂದರು. ಬೆಲೆಬಾಳುವಂತಹುದು ಅವುಗಳಲ್ಲಿ ಹೆಚ್ಚಿರಲಿಲ್ಲ. ಆದರೆ ತಮ್ಮ ಕಾಗದದ ಕಥೆ ಕೇಳಿದವರು ಪಕ್ಕದ ಚೌಕಟ್ಟಿನ ಕಥೆಯನ್ನೂ ಕೇಳಿದರು. ಶಾಲೆಯ ಮಕ್ಕಳು ಈ ಸಲವೂ ಬಂದರು. ಅಜ್ಜಿಯರೊಡನೆ ಬಂದುದರಿಂದ ಓಡಲಿಲ್ಲ. ಅಂಚೆ ಇಲಾಖೆಯು 2017ರಲ್ಲಿ ಆರಂಭಿಸಿದ ಸ್ಪರ್ಶ್ ಯೋಜನೆಯಂತೆ ಈ ಹವ್ಯಾಸವುಳ್ಳ ಆರರಿಂದ ಒಂಬತ್ತನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೆ ಆರು ಸಾವಿರ ರೂಪಾಯಿಯ ವಿದ್ಯಾರ್ಥಿವೇತನವುಂಟೆಂದು ತಿಳಿಸಿದಾಗ, ಅದುವರೆಗೆ ಗಡಿಯಾರವನ್ನು ನೋಡುತ್ತಿದ್ದ ತಂದೆತಾಯಿಯರ ಕಣ್ಣುಗಳು ಚೌಕಟ್ಟಿನ ಕಡೆಗೆ ತಿರುಗಿದವು. ಮಧ್ಯಮವರ್ಗದ ಮನೆಯಲ್ಲಿ ಹವ್ಯಾಸವೂ ಪರೀಕ್ಷೆಯ ಬಾಗಿಲಿನಿಂದಲೇ ಒಳಗೆ ಬರಬೇಕು, ಬರಲಿ.

ಎರಡನೆಯ ದಿನ ಮಧ್ಯಾಹ್ನ ಒಬ್ಬ ವೃದ್ಧೆ ಸೊಸೆಯ ಕೈ ಹಿಡಿದು ಬಂದರು. ಕೈಚೀಲದಲ್ಲಿ ಐದಾರು ಕಾಗದಗಳು. 1971ರ ಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದ ಅವರ ಪತಿ ಬರೆದವು. “ಎಲ್ಲಿದ್ದೇನೆಂದು ಅವರು ಬರೆಯುತ್ತಿರಲಿಲ್ಲ; ಬರೆಯಕೂಡದಂತೆ. ಮರಳಿ ಬಂದ ಮೇಲೂ ಆ ಮಾತೆತ್ತುತ್ತಿರಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ” ಎಂದರು. ನಾನು ಅವರನ್ನು ಕರಿಯ ಕೋಟಿನ ಹಿರಿಯರ ಬಳಿಗೆ ಕರೆದೊಯ್ದೆ. ಅವರು ಲಕೋಟೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ಸೇನೆಯ ಅಂಚೆಯ ಮುದ್ರೆಯಲ್ಲಿ ಊರಿನ ಹೆಸರಿರುವುದಿಲ್ಲ, ಒಂದು ಸಂಖ್ಯೆ ಮಾತ್ರ ಇರುತ್ತದೆ. ಶತ್ರುವಿಗೆ ಜಾಗ ತಿಳಿಯಬಾರದೆಂದು ಮಾಡಿದ ಏರ್ಪಾಡು ಅದು. ಪತ್ರದ ಕೊನೆಯ ವಿಳಾಸದಲ್ಲಿ 99 ಎ.ಪಿ.ಒ. ಎಂದಿದ್ದಿತು. “ಐವತ್ತಾರಾಗಿದ್ದರೆ ಪಶ್ಚಿಮ, ತೊಂಬತ್ತೊಂಬತ್ತು ಎಂದರೆ ಪೂರ್ವ ದಿಕ್ಕು, ತಾಯಿ” ಎಂದರು. ಬಳಿಕ ತಮ್ಮ ನಲವತ್ತು ವರ್ಷದ ಟಿಪ್ಪಣಿ ಪುಸ್ತಕವನ್ನು ತೆರೆದು ಮುದ್ರೆಯ ಸಂಖ್ಯೆಯನ್ನು ಹುಡುಕಿದರು. ತ್ರಿಪುರದ ಗಡಿಯ ಕಡೆಯದು ಎಂದು ತಿಳಿಯಿತು. ಗೋಡೆಯ ಭೂಪಟದ ಮೇಲೆ ಬೆರಳಿಟ್ಟು ತೋರಿಸಿದರು.

ಆಕೆ ಭೂಪಟವನ್ನು ಬಹಳ ಹೊತ್ತು ನೋಡಿದರು. “ಅಷ್ಟು ದೂರವೆ?” ಎಂದರು. ಆಮೇಲೆ, “ಅಲ್ಲಿ ಮಳೆ ಹೆಚ್ಚೆ? ಒಂದು ಕಾಗದದಲ್ಲಿ ಅಕ್ಷರವೆಲ್ಲ ಕರಗಿಹೋಗಿದೆ” ಎಂದು ಕೇಳಿದರು. ಹಿರಿಯರು ಅಂದು ಮೊದಲ ಸಲ ಕುರ್ಚಿ ತರಿಸಿದರು, ಎರಡು ಕುರ್ಚಿ. ಆ ಸಂಜೆ ಏಳರವರೆಗೂ ಅವರ ಸುತ್ತ ಹತ್ತು ಹದಿನೈದು ಜನ ನಿಂತೇ ಇದ್ದರು. ನನ್ನ ವಿದ್ಯಾರ್ಥಿನಿಯೊಬ್ಬಳು, ಕಾರ್ಡನ್ನು ಮಡಿಸಬೇಕೆ ಎಂದು ಕೇಳಿದ್ದವಳು, ಹಿರಿಯರು ಹೇಳಿದುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಈಗ ಪ್ರತಿ ಶನಿವಾರ ಅವರ ಮನೆಗೆ ಹೋಗಿ ಆ ಟಿಪ್ಪಣಿ ಪುಸ್ತಕವನ್ನು ಪ್ರತಿಮಾಡುತ್ತಿದ್ದಾಳೆ. ಅಕ್ಷರ ಸ್ವಲ್ಪ ದಪ್ಪವಾಯಿತೆಂದು ಹಿರಿಯರ ಆಕ್ಷೇಪಣೆ.

ಊರೆಲ್ಲ ಬಂದಿತೆಂದು ವಾಚಕರು ತಿಳಿಯಬಾರದು. ಬ್ಯಾನರು ಕಟ್ಟಿ ಊರನ್ನೆಲ್ಲ ತರಬಹುದಾಗಿತ್ತೆಂದು ನಮ್ಮ ದಂತವೈದ್ಯರು ಇಂದಿಗೂ ವಾದಿಸುತ್ತಾರೆ. ಅವರ ವಾದವನ್ನು ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಒರಗಿರುವವನು ಖಂಡಿಸಲಾರ. ಸಂದರ್ಶಕರ ಪುಸ್ತಕದಲ್ಲಿ ಹನ್ನೊಂದು ಹಾಳೆ ತುಂಬಿತು, ಅಷ್ಟೆ. ಆದರೆ ಹೆಸರಿನ ಮುಂದೆ “ಚೆನ್ನಾಗಿದೆ” ಎಂದು ಬರೆಯುವ ಜಾಗದಲ್ಲಿ ಈ ಸಲ ಜನ ಪ್ರಶ್ನೆಗಳನ್ನು ಬರೆದಿದ್ದರು. ಕೋಶಾಧ್ಯಕ್ಷರು ಖರ್ಚಿನ ಲೆಕ್ಕ ನೋಡಿ ನಕ್ಕರು. ಅವರು ನಕ್ಕುದನ್ನು ಕೂಟದವರು ಅದುವರೆಗೆ ಕಂಡಿರಲಿಲ್ಲ.

ಜನಸಂದಣಿಯನ್ನು ಕರೆಯುವುದು ಬೇರೆ, ಜನರನ್ನು ಕರೆಯುವುದು ಬೇರೆ. ಸಂದಣಿಗೆ ಗಟ್ಟಿಯಾದ ದನಿ ಬೇಕು; ಜನಕ್ಕೆ ಅವರ ಹೆಸರು ಬೇಕು. ಚುನಾವಣೆಗೂ ಸಾಬೂನಿಗೂ ಮೊದಲನೆಯ ದಾರಿಯೇ ಸರಿಯಿರಬಹುದು. ಹವ್ಯಾಸದ ಕೂಟಕ್ಕೆ ಎರಡನೆಯದಲ್ಲದೆ ಬೇರೆ ದಾರಿಯಿಲ್ಲ; ಏಕೆಂದರೆ ಹವ್ಯಾಸವು ಒಬ್ಬನಿಂದ ಒಬ್ಬನಿಗೆ ದಾಟುವ ವಸ್ತು, ದೀಪದಿಂದ ದೀಪಕ್ಕೆ ದಾಟುವಂತೆ.

ಕಾಗದ ಬರೆಯುವ ಕಾಲ ಹೋಯಿತೆಂದು ಎಲ್ಲರೂ ಹೇಳುತ್ತಾರೆ. 2025ರಲ್ಲಿ ನಮ್ಮ ರಿಜಿಸ್ಟರ್ಡ್ ಅಂಚೆಯೂ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಮುಂದೆ ಬರುವ ಮಕ್ಕಳಿಗೆ ಅಂಚೆಚೀಟಿಯೆಂದರೇನೆಂದು ಹೇಳುವವರು ಈ ಮುದುಕರೇ. ಅವರು ಬಹಳ ದಿನ ಕಾದಿರಲಾರರು. ಆದುದರಿಂದ ನಿಮ್ಮ ಊರಿನಲ್ಲಿ ಇಂತಹ ಒಂದು ಪುಟ್ಟ ಪ್ರದರ್ಶನ ನಡೆದರೆ, ಅದು ಅಂಚೆಚೀಟಿಯದಾಗಲಿ, ನಾಣ್ಯದ್ದಾಗಲಿ, ಬೆಂಕಿಪೊಟ್ಟಣದ್ದಾಗಲಿ, ಒಂದು ಸಂಜೆ ಹೋಗಿ ಬನ್ನಿರಿ. ನಿಮಗೆ ಯಾರೂ ಕಾರ್ಡು ಬರೆಯದಿದ್ದರೆ ಇದನ್ನೇ ಕಾರ್ಡೆಂದು ತಿಳಿಯಿರಿ. ಎಲ್ಲ ಚೌಕಟ್ಟುಗಳನ್ನೂ ನೋಡಬೇಕಾದುದಿಲ್ಲ. ಒಂದರ ಪಕ್ಕದಲ್ಲಿ ಕೋಟು ತೊಟ್ಟು ನಿಂತವರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಒಂದು ಪ್ರಶ್ನೆ ಕೇಳಿರಿ.